ಆಫೀಸಿನ ಗೆಳತಿಯ ಸೀಮಂತಕ್ಕೆ ಎಲ್ಲರೂ ಸೇರಿ ಏನು ಕೊಡಬಹುದು?
ಹನ್ನೆರಡು ಜನ ತಲಾ 500 ರೂಪಾಯಿ ಹಾಕಿದರೂ 6,000 ಆಗುತ್ತದೆ. ಹತ್ತು ಸಣ್ಣಪುಟ್ಟ ಸಾಮಾನಿನ ಬದಲು ಒಂದೇ ಒಳ್ಳೆಯ ವಸ್ತು ಕೊಡಿ. ಆದರೆ ಮೊದಲು ಅವರನ್ನೇ ಮೆಲ್ಲಗೆ ಕೇಳಿ. ಎಷ್ಟೋ ಮನೆಗಳಲ್ಲಿ ಹೆರಿಗೆಗೆ ಮುಂಚೆ ಮಗುವಿನ ಸಾಮಾನು ತರುವುದಿಲ್ಲ ಅಲ್ವಾ? ಹಾಗಿದ್ದರೆ ಈಗ ಹಸಿರು ಬಳೆ, ಹೂವು, ಮೆತ್ತನೆಯ ಕಾಟನ್ ಸೀರೆ ಸಾಕು. ಉಳಿದ ದುಡ್ಡು ನಾಮಕರಣಕ್ಕೆ ಇರಲಿ.

ಆಗ ನನ್ನ ಆಯ್ಕೆ ಬೆಳ್ಳಿ ಒಳಲೆ. ಮಗುವಿಗೆ ಹಾಲು ಕುಡಿಸುವ, ಅಂಗೈಯಲ್ಲಿ ಕೂರುವ ಪುಟ್ಟ ಬಟ್ಟಲು, ಹಕ್ಕಿ ಕೊಕ್ಕಿನಂಥ ಮೂತಿ. ಮಗು ದೊಡ್ಡದಾದರೂ ಅಮ್ಮಂದಿರು ಅದನ್ನು ಬಿಸಾಡುವುದಿಲ್ಲ. ಅವತ್ತಿನ ಬೆಳ್ಳಿ ರೇಟು ನೋಡಿ ತೂಕ ಆರಿಸಿ. ಬಟ್ಟೆ ಕೊಡುವುದಾದರೆ ಒಂದು ಸೈಜ್ ದೊಡ್ಡದೇ ತನ್ನಿ, ಎಳೆಗೂಸಿನ ಅಂಗಿ ಬೇಗ ಬಿಗಿಯಾಗುತ್ತದೆ. ಮತ್ತೆ, ಯಾರು ಎಷ್ಟು ಹಾಕಿದರು ಅಂತ ವಾಟ್ಸಾಪ್ ಗ್ರೂಪಿನಲ್ಲಿ ಲಿಸ್ಟ್ ಹಾಕಬೇಡಿ!