ನುಡಿ ಪ್ರಶ್ನೋತ್ತರ: ಕಲ್ಪಿತ ಭಾಷೆಯ ಪ್ರಾಚೀನ ರೂಪ

ಪ್ರಶ್ನೆ: ನಾನು ಕಟ್ಟುತ್ತಿರುವ ಕಲ್ಪಿತ ಭಾಷೆಗೆ ಈಗ ಅದರ ಪ್ರಾಚೀನ ಅವಸ್ಥೆಯನ್ನು ರೂಪಿಸುತ್ತಿದ್ದೇನೆ. ಹಳೆಯ ಪಕಾರವು ಮುಂದೆ ಹಕಾರವಾಗುತ್ತದೆಂದು ನಿಯಮ ಮಾಡಿಕೊಂಡೆನಾದರೂ, ಕಿವಿಗೆ ಹಿತವೆನಿಸಿದ ಕೆಲವು ಪದಗಳಲ್ಲಿ ಪಕಾರವನ್ನೇ ಉಳಿಸಿದ್ದೇನೆ. ಇದು ಸರಿಯೇ? ಹಳೆಯ ಅವಸ್ಥೆಯ ವ್ಯಾಕರಣವೂ ಬೇರೆಯಾಗಿರಬೇಕೇ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಪಕಾರವನ್ನು ಉಳಿಸಬಹುದು, ಆದರೆ ಅದಕ್ಕೆ ಕಾರಣ ನಿಮ್ಮ ಅಭಿರುಚಿಯಲ್ಲಿ ಅಲ್ಲ, ಭಾಷೆಯ ಒಳಗೇ ಇರಬೇಕು. ನಿಮ್ಮ ಜಿಲ್ಲೆಯ ಸುಗ್ಗಿಯ ಹಬ್ಬ ಕೊಡವ ತಕ್ಕಿನಲ್ಲಿ, ಎಂದರೆ ಕೊಡವರ ಭಾಷೆಯಲ್ಲಿ, ಪುತ್ತರಿ, ಕನ್ನಡದಲ್ಲಿ ಹುತ್ತರಿ. ಹಳಗನ್ನಡದ ಪಾಲ್, ಪುಲಿ, ಪೂ ಎಂಬವು ಹಾಲು, ಹುಲಿ, ಹೂವು ಎಂದಾದವು. ಕೊಡವ ತಕ್ಕ್ ಪದದ ಆದಿಯ ಪಕಾರವನ್ನು ಬಿಡಲಿಲ್ಲ. ಆದರೆ ಕನ್ನಡದಲ್ಲಿಯೂ ಉಪ್ಪು, ತುಪ್ಪ, ಕಂಪು, ತಂಪು ಹಾಗೆಯೇ ನಿಂತಿವೆ, ಏಕೆಂದರೆ ದ್ವಿತ್ವದಲ್ಲಿರುವ (ಒತ್ತಾಗಿ ಇಮ್ಮಡಿಸಿದ) ಅಥವಾ ಅನುನಾಸಿಕದ ನಂತರ ಬರುವ ಪಕಾರವನ್ನು ಈ ಬದಲಾವಣೆ ಮುಟ್ಟಲಿಲ್ಲ. ಎರವಲು ಪದಗಳಲ್ಲಿಯೂ ಇಂಥದೇ ಶಿಸ್ತಿದೆ: ಬಹು ಹಿಂದೆ ಬಂದವು ಹುಣ್ಣಿಮೆ, ಹೊತ್ತಗೆ ಎಂದು ಮಾರ್ಪಟ್ಟರೆ, ಅದೇ ಮೂಲದಿಂದ ಮತ್ತೆ ತಂದುಕೊಂಡ ಪೂರ್ಣಿಮೆ, ಪುಸ್ತಕಗಳಲ್ಲಿ ಪಕಾರ ಉಳಿದಿದೆ. ಸ್ವರಗಳಿಗೂ ಇದು ಸಲ್ಲುತ್ತದೆ. ಹೆಣ್ಣು ಎಂಬುದಕ್ಕೆ ಕೊಡವರು ಪೊಣ್ಣ್ ಎನ್ನುತ್ತಾರೆ. ಪಕಾರದಂಥ ಓಷ್ಠ್ಯ (ತುಟಿಯಿಂದ ನುಡಿಯುವ) ವ್ಯಂಜನಕ್ಕೂ ಣಕಾರದಂಥ ಮೂರ್ಧನ್ಯ (ನಾಲಿಗೆಯನ್ನು ಹಿಂದಕ್ಕೆ ಮಡಚಿ ನುಡಿಯುವ) ವ್ಯಂಜನಕ್ಕೂ ನಡುವೆ ಸಿಕ್ಕ ಎಕಾರ ಅಲ್ಲಿ ಒಕಾರವಾಯಿತು. ನಿಯಮಕ್ಕೆ ಹೊರತೆನಿಸಿದ ರೂಪಗಳಿಗೂ ನಿಯಮವಿರುತ್ತದೆಂಬುದನ್ನು ಇಂಗ್ಲಿಷ್, ಜರ್ಮನ್ ಮೊದಲಾದ ಜರ್ಮನಿಕ್ ಭಾಷೆಗಳ ವಿಷಯದಲ್ಲಿ ಭಾಷಾವಿಜ್ಞಾನಿ ಕಾರ್ಲ್ ವೆರ್ನರ್ 1877ರಲ್ಲಿ ತೋರಿಸಿಕೊಟ್ಟರು.

ಇದಕ್ಕಿಂತ ಮುಖ್ಯವಾದುದು ಬದಲಾವಣೆಗಳ ಅನುಕ್ರಮ. ನಿಮ್ಮ ಪ್ರಾಚೀನ ಭಾಷೆಯಲ್ಲಿ ಕಲ್ಲಿಗೆ ‘ತಪ’, ಬಹುವಚನಕ್ಕೆ ‘ತಪಿ’ ಎಂದಿರಲಿ. ಮುಂದಿನ ಇಕಾರದ ಸೆಳೆತಕ್ಕೆ ಹಿಂದಿನ ಅಕಾರ ಎಕಾರವಾಗಿ, ಸ್ವರಗಳ ನಡುವಿನ ಪಕಾರ ವಕಾರವಾಗಿ, ಕೊನೆಗೆ ಅಂತ್ಯಸ್ವರ ಲೋಪವಾದರೆ ‘ತವ್’, ‘ತೆವ್’ ಎಂಬ ಜೋಡಿ ದೊರೆಯುತ್ತದೆ. ಇಂಗ್ಲಿಷಿನ ಫುಟ್, ಫೀಟ್ ಹುಟ್ಟಿದ್ದೂ ಹೀಗೆಯೇ, ಇಕಾರ ತಾನು ಅಳಿದು ತನ್ನ ಗುರುತನ್ನು ಒಳಗೆ ಬಿಟ್ಟುಹೋದದ್ದರಿಂದ. ಅಂತ್ಯಸ್ವರವೇ ಮೊದಲು ಬಿದ್ದುಹೋದರೆ ಎರಡೂ ‘ತಪ್’ ಆಗಿಬಿಡುತ್ತವೆ, ಬಹುವಚನವನ್ನು ತಿಳಿಸಲು ಭಾಷೆ ಬೇರೆ ದಾರಿಯನ್ನು ಹುಡುಕಲೇಬೇಕಾಗುತ್ತದೆ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ: ವ್ಯಾಕರಣ ಬೇರೆಯಾಗಿರಲೇಬೇಕು. ಕಳೆದುಹೋದ ಪ್ರತ್ಯಯದ ಕೆಲಸವನ್ನು ಎಷ್ಟೋ ಸಲ ಸ್ವತಂತ್ರ ಪದವೊಂದು ವಹಿಸಿಕೊಳ್ಳುತ್ತದೆ. ಹಳಗನ್ನಡದ ‘ಮನೆಯೊಳ್’ ಇದ್ದ ಕಡೆ ಇಂದು ‘ಮನೆಯಲ್ಲಿ’ ಬಂದಿದೆ. ‘ಅಲ್ಲಿ’ ಸ್ವತಂತ್ರ ಪದವಾಗಿಯೂ ಬಳಕೆಯಲ್ಲಿದೆ. ನನಗೆ ಬಹಳ ಪ್ರಿಯವಾದದ್ದು ಹಳಗನ್ನಡದ ನಿಷೇಧರೂಪ. ಕಾಲಸೂಚಕವಿಲ್ಲದೆ ಧಾತುವಿಗೆ ನೇರವಾಗಿ ಪುರುಷಪ್ರತ್ಯಯ ಸೇರಿದರೆ ನಿಷೇಧಾರ್ಥ ಬರುತ್ತಿತ್ತು: ‘ಮಾಡಿದೆಂ’ ಎಂದರೆ ಮಾಡಿದೆನು, ‘ಮಾಡೆಂ’ ಎಂದರೆ ಮಾಡುವುದಿಲ್ಲ. ಆ ವ್ಯವಸ್ಥೆ ಹಿಂದೆ ಸರಿದರೂ ಅರಿಯೆ, ಒಲ್ಲೆ, ಕಾಣೆ ಎಂಬ ರೂಪಗಳು ಉಳಿದುಕೊಂಡಿವೆ. ನಿಮ್ಮ ಹೊಸ ಅವಸ್ಥೆಯಲ್ಲಿಯೂ ದಿನಬಳಕೆಯ ನಾಲ್ಕಾರು ಕ್ರಿಯಾಪದಗಳಿಗೆ ಇಂಥ ಹಳೆಯ ರೂಪಗಳನ್ನು ಉಳಿಸಿಕೊಡಿ, ಉಳಿದ ಕ್ರಿಯಾಪದಗಳೆಲ್ಲ ಹೊಸ ಕ್ರಮವನ್ನೇ ಅನುಸರಿಸಲಿ.