ಹೆಂಡತಿ ಐದು ತಿಂಗಳ ಬಸುರಿ, ಈಗ ಯಾವ ಇನ್ಶೂರೆನ್ಸ್ ಮಾಡಿಸಬೇಕು?

ನಿಮ್ಮ ಪ್ರಶ್ನೆ ಓದಿದೆ. ಇಬ್ಬರಿಗೂ ಬೆಂಗಳೂರಲ್ಲಿ ಕೆಲಸ, ಇಬ್ಬರ ಆಫೀಸಲ್ಲೂ ಪಾಲಿಸಿ ಇದೆ, ಚೊಚ್ಚಲ ಹೆರಿಗೆ ತೀರ್ಥಹಳ್ಳಿಯ ತವರಿನಲ್ಲಿ. ಏಜೆಂಟ್ ಒಬ್ಬರು ಹೆರಿಗೆ ಪಾಲಿಸಿ, ಮಕ್ಕಳ ಪ್ಲಾನ್ (ಮಗುವಿನ ಮುಂದಿನ ಖರ್ಚಿಗೆ ದುಡ್ಡು ಕೂಡಿಡುವ ವಿಮೆ) ಎರಡನ್ನೂ ಈಗಲೇ ಮಾಡಿಸಿ ಎನ್ನುತ್ತಿದ್ದಾರೆ. ನನ್ನ ಮೊದಲ ಹೆರಿಗೆ ಆದದ್ದೂ ತವರಿನಲ್ಲೇ, ಸಾಗರದಲ್ಲಿ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಹೆರಿಗೆ ಪಾಲಿಸಿಯ ಮಾತು. ನಾವೇ ಹೊರಗೆ ಕೊಳ್ಳುವ ಹೆಚ್ಚಿನ ಆರೋಗ್ಯ ಪಾಲಿಸಿಗಳಲ್ಲಿ ಹೆರಿಗೆ ಖರ್ಚು ಸಿಗಬೇಕಾದರೆ 9 ತಿಂಗಳಿನಿಂದ 4 ವರ್ಷದವರೆಗೆ ಕಾಯಬೇಕು. ಐದು ತಿಂಗಳಾದ ಮೇಲೆ ಕೊಂಡರೆ ಈ ಹೆರಿಗೆಗೆ ಉಪಯೋಗ ಇಲ್ಲ. ಎರಡನೇ ಮಗುವಿನ ಯೋಚನೆ ಇದ್ದರೆ ಮಾತ್ರ ಅರ್ಥ ಇದೆ. ಈ ಕಾಯುವ ಅವಧಿ ಎಷ್ಟು ಅಂತ ಏಜೆಂಟ್ ಹತ್ತಿರ ಬರಹದಲ್ಲೇ ಕೇಳಿ ನೋಡಿ.

ಈ ಹೆರಿಗೆಗೆ ನಿಮ್ಮ ಕೈಯಲ್ಲಿರುವುದು ಆಫೀಸಿನ ಪಾಲಿಸಿಗಳೇ. ಇವುಗಳಲ್ಲಿ ಬಹಳಷ್ಟು ಕಡೆ ಹೆರಿಗೆಗೆ ಕಾಯುವ ಅವಧಿ ಇರುವುದಿಲ್ಲ, ಆದರೆ ಹೆರಿಗೆಗೆ ಅಂತ ಬೇರೆಯೇ ಮಿತಿ ಇರುತ್ತದೆ. 5 ಲಕ್ಷದ ಪಾಲಿಸಿ ಇದ್ದರೂ ಹೆರಿಗೆಗೆ ಸಿಗುವುದು 50 ಸಾವಿರವೇ ಇರಬಹುದು. ಇದು ಎಲ್ಲರಿಗೂ ಗೊತ್ತಿರುತ್ತದೆ. ಹುಟ್ಟಿದ ಮಗುವಿನ ಖರ್ಚು ಯಾವ ಲೆಕ್ಕಕ್ಕೆ ಹೋಗುತ್ತದೆ ಎನ್ನುವುದನ್ನು ಮಾತ್ರ ಯಾರೂ ಕೇಳುವುದಿಲ್ಲ. ನಾವೂ ಕೇಳಿರಲಿಲ್ಲ.

ನನ್ನ ಮಗಳು ದಿನ ತುಂಬುವ ಐದು ವಾರ ಮೊದಲೇ ಹುಟ್ಟಿದಳು. ಉಸಿರಾಟದ ತೊಂದರೆ. ನರ್ಸಿಂಗ್ ಹೋಮಿನಲ್ಲಿ ಎನ್‌ಐಸಿಯು, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕ, ಇರಲಿಲ್ಲ. ನಾನು ಸಿಸೇರಿಯನ್ ಆಗಿ ಸಾಗರದಲ್ಲಿ ಮಲಗಿದ್ದೆ, ಮಗುವನ್ನು ಆಂಬುಲೆನ್ಸಿನಲ್ಲಿ 70 ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ಹನ್ನೊಂದು ದಿನ ಅಲ್ಲಿದ್ದಳು. ಬಿಲ್ ಒಂದೂವರೆ ಲಕ್ಷ ದಾಟಿತು. ನನ್ನ ಆಫೀಸಿನ ಪಾಲಿಸಿಯಲ್ಲಿ ಮಗುವಿನ ಖರ್ಚೂ ಹೆರಿಗೆ ಮಿತಿಯೊಳಗೇ ಬರಬೇಕಿತ್ತು. ಆ 50 ಸಾವಿರ ನನ್ನ ಆಪರೇಷನ್‌ಗೇ ಮುಗಿದಿತ್ತು. ನಮ್ಮನ್ನು ಉಳಿಸಿದ್ದು ಗಂಡನ ಆಫೀಸಿನ ಪಾಲಿಸಿ. ಅದರಲ್ಲಿ ಮಗುವಿಗೆ ಹುಟ್ಟಿದ ದಿನದಿಂದಲೇ ಇಡೀ ಕುಟುಂಬದ ಮೊತ್ತ ಸಿಗುತ್ತಿತ್ತು. ಷರತ್ತು ಒಂದೇ, 30 ದಿನದೊಳಗೆ ಮಗುವನ್ನು ಸೇರಿಸಬೇಕು. ಆರನೇ ದಿನ ಅವರು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಎಚ್‌ಆರ್‌ಗೆ ಮೇಲ್ ಹಾಕಿದರು. ಮಗುವಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ನನ್ನ ಹೆಸರಿನ ಮಗು ಅಂತಲೇ ಸೇರಿಸಿದರು.

ಹಾಗಾಗಿ ಈ ವಾರವೇ ಇಬ್ಬರೂ ನಿಮ್ಮ ನಿಮ್ಮ ಎಚ್‌ಆರ್‌ಗೆ ಮೇಲ್ ಮಾಡಿ. ಮಗುವಿಗೆ ಮೊದಲ ದಿನದಿಂದ ಕವರ್ ಇದೆಯಾ, ಅದು ಹೆರಿಗೆ ಮಿತಿಯೊಳಗೋ ಹೊರಗೋ, ಎಷ್ಟು ದಿನದೊಳಗೆ ಸೇರಿಸಬೇಕು, ಯಾವ ಕಾಗದ ಬೇಕು ಅಂತ ಕೇಳಿ. ಗಂಡ ಹೆಂಡತಿ ಇಬ್ಬರ ಹೆಸರೂ ಎರಡೂ ಪಾಲಿಸಿಯಲ್ಲಿದ್ದರೆ, ಒಂದರಲ್ಲಿ ಮಿತಿ ಮುಗಿದ ಮೇಲೆ ಉಳಿದ ಬಿಲ್ಲನ್ನು ಇನ್ನೊಂದರಲ್ಲಿ ಕೇಳಬಹುದು. ಅದಕ್ಕೆ ಮೊದಲ ಕಂಪನಿ ಎಷ್ಟು ಕೊಟ್ಟಿತು ಅಂತ ತೋರಿಸುವ ಸೆಟಲ್‌ಮೆಂಟ್ ಪತ್ರ ಬೇಕಾಗುತ್ತದೆ. ಹೆರಿಗೆವರೆಗೆ ಇಬ್ಬರೂ ಕೆಲಸ ಬದಲಿಸಬೇಡಿ. ಕೆಲಸ ಬಿಟ್ಟರೆ ಆಫೀಸಿನ ಪಾಲಿಸಿಯೂ ಹೋಗುತ್ತದೆ.

ತವರಿನ ವಿಷಯ. ತೀರ್ಥಹಳ್ಳಿಯಲ್ಲಿ ನೀವು ನೋಡಿಟ್ಟ ಆಸ್ಪತ್ರೆ ನೆಟ್‌ವರ್ಕ್ ಪಟ್ಟಿಯಲ್ಲಿ, ಅಂದರೆ ವಿಮಾ ಕಂಪನಿಯೇ ನೇರವಾಗಿ ಬಿಲ್ ಕಟ್ಟುವ ಆಸ್ಪತ್ರೆಗಳ ಪಟ್ಟಿಯಲ್ಲಿ, ಇದೆಯಾ ಅಂತ ಟಿಪಿಎ (ವಿಮಾ ಕಂಪನಿಯ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಸಂಸ್ಥೆ) ಆ್ಯಪ್‌ನಲ್ಲಿ ನೋಡಿ. ಇಲ್ಲದಿದ್ದರೆ ಸಾಮಾನ್ಯವಾಗಿ ಮೊದಲು ನೀವೇ ದುಡ್ಡು ಕಟ್ಟಿ, ಆಮೇಲೆ ವಾಪಸ್ ಕೇಳಬೇಕು. ಆಗ ಒಂದೊಂದು ಔಷಧದ ಚೀಟಿಯೂ ಬೇಕು. ಶಿವಮೊಗ್ಗದಲ್ಲಿ ಎನ್‌ಐಸಿಯು ಇರುವ ಒಂದು ನೆಟ್‌ವರ್ಕ್ ಆಸ್ಪತ್ರೆಯನ್ನೂ ಈಗಲೇ ಗುರುತು ಮಾಡಿಟ್ಟುಕೊಳ್ಳಿ. ಜಿಲ್ಲಾ ಸರ್ಕಾರಿ ಆಸ್ಪತ್ರೆಗಳಲ್ಲೂ ನವಜಾತ ಶಿಶು ಘಟಕ ಇರುತ್ತದೆ, ಚಿಕಿತ್ಸೆ ಉಚಿತ. ನಮಗೆ ಆಗ ಅದು ತಲೆಗೇ ಹೊಳೆದಿರಲಿಲ್ಲ.

ಇನ್ನು ಮಕ್ಕಳ ಪ್ಲಾನ್. ಬೇಡ ಅಂತ ಗಟ್ಟಿಯಾಗಿಯೇ ಹೇಳುತ್ತೇನೆ. ಮನೆ ನಡೆಯುವುದು ನಿಮ್ಮಿಬ್ಬರ ಸಂಬಳದಿಂದ. ವಿಮೆ ಇರಬೇಕಾದದ್ದು ನಿಮ್ಮ ಜೀವದ ಮೇಲೆ. ವರ್ಷದ ಸಂಬಳದ 10ರಿಂದ 15 ಪಟ್ಟು ಮೊತ್ತದ ಟರ್ಮ್ ಪಾಲಿಸಿ (ಅವಧಿಯೊಳಗೆ ನಾವು ತೀರಿಕೊಂಡರೆ ಮನೆಯವರಿಗೆ ದುಡ್ಡು ಸಿಗುವ ಜೀವ ವಿಮೆ) ಸಾಕು. ಮನೆ ಸಾಲ ಇದ್ದರೆ ಅದನ್ನೂ ಸೇರಿಸಿ. ನಿಮ್ಮದನ್ನು ಈಗಲೇ ಮಾಡಿಸಿ, ತಡ ಮಾಡಬೇಡಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆ ಎರಡರ ಪ್ರೀಮಿಯಂ ಮೇಲೂ 18% ಜಿಎಸ್‌ಟಿ ಇಲ್ಲ. ನಾಮಿನಿ ಹೆಂಡತಿಯೇ ಇರಲಿ. ಮಗುವಿನ ಹೆಸರು ಹಾಕಿದರೆ 18 ತುಂಬುವವರೆಗೆ ಇನ್ನೊಬ್ಬ ದೊಡ್ಡವರನ್ನು ನೇಮಿಸಬೇಕು. ವ್ಯಾಪಾರದ ಸಾಲ ಏನಾದರೂ ಇದ್ದರೆ, ಪಾಲಿಸಿಯನ್ನು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಮಾಡಿಸಿ. ಆ ದುಡ್ಡು ಹೆಂಡತಿ ಮಕ್ಕಳಿಗೇ ಸೇರುತ್ತದೆ, ಸಾಲ ಕೊಟ್ಟವರ ಕೈಗೆ ಹೋಗುವುದಿಲ್ಲ. ಕೊಳ್ಳುವಾಗಲೇ ಆ ಫಾರ್ಮ್ ತುಂಬಬೇಕು, ಆಮೇಲೆ ಆಗುವುದಿಲ್ಲ.

ನಿಮ್ಮ ಹೆಂಡತಿಯೂ ದುಡಿಯುತ್ತಾರೆ, ಅವರಿಗೂ ಟರ್ಮ್ ಬೇಕು. ಬಸುರಿಯಿದ್ದಾಗ ಅರ್ಜಿ ಹಾಕಿದರೆ ಎಷ್ಟೋ ಕಂಪನಿಗಳು ಹೆರಿಗೆ ಆಗಲಿ ಅಂತ ಮುಂದೂಡುತ್ತವೆ. ನನಗೂ ಹಾಗೇ ಆಯಿತು. ಬಾಣಂತನದ ಗಡಿಬಿಡಿಯಲ್ಲಿ ಅದು ಎರಡು ವರ್ಷ ಮರೆತೇಹೋಯಿತು. ಅಷ್ಟೂ ದಿನ ಮಗಳಿಗೆ ನನ್ನ ಕಡೆಯಿಂದ ಏನೂ ಇರಲಿಲ್ಲ. ಮಗುವಿಗೆ ಮೂರು ತಿಂಗಳಾದ ದಿನಕ್ಕೆ ಫೋನಿನಲ್ಲಿ ಒಂದು ರಿಮೈಂಡರ್ ಇಟ್ಟುಬಿಡಿ. ಹೊರಗಿನ ಎಷ್ಟೋ ಫ್ಯಾಮಿಲಿ ಪಾಲಿಸಿಗಳು ಮಗುವನ್ನು ಸೇರಿಸಿಕೊಳ್ಳುವುದೂ 90 ದಿನ ಆದಮೇಲೇ. ಎರಡೂ ಕೆಲಸ ಒಟ್ಟಿಗೇ ಮುಗಿಯುತ್ತದೆ.