ಓದುಗರ ಪ್ರಶ್ನೆಗಳು: ಕಿವಿಯೊಳಗಿನ ಸೂಜಿ, ಚಂದ್ರನೊಳಗಿನ ಮೊಲ

ಹಳೆಯ ಚೀನೀ ಸಾಹಿತ್ಯ ಮತ್ತು ವಿದ್ವತ್ತು ಇಂದಿನ ಬದುಕಿನಲ್ಲಿ ಎಲ್ಲೆಲ್ಲಿ ಉಳಿದಿದೆ ಎಂಬುದನ್ನು ಕುರಿತು ಬಂದ ಪ್ರಶ್ನೆಗಳಲ್ಲಿ ಐದನ್ನು ಈ ಸಂಚಿಕೆಗೆ ಆಯ್ದುಕೊಳ್ಳಲಾಗಿದೆ.

ಪ್ರಶ್ನೆ: ಕಾಲೇಜಿನಲ್ಲಿ ಓದುತ್ತಿರುವ ನನ್ನ ಮಗ ಕಂಪ್ಯೂಟರಿನಲ್ಲಿ ‘ಬ್ಲ್ಯಾಕ್ ಮಿತ್: ವುಕಾಂಗ್’ ಎಂಬ ಆಟ ಆಡುತ್ತಾನೆ. ಕೋಲು ಹಿಡಿದು ರಾಕ್ಷಸರೊಂದಿಗೆ ಕಾದಾಡುವ ಆ ಕೋತಿ ನಮ್ಮ ಆಂಜನೇಯನೇ ಅಲ್ಲವೆ? (ಸಾಗರದ ಓದುಗರು)

ಉತ್ತರ: ನಿಮಗೆ ಬಂದಿರುವ ಅನುಮಾನ ಚೀನಾದ ವಿದ್ವಾಂಸರಿಗೆ ನೂರು ವರ್ಷಗಳ ಹಿಂದೆಯೇ ಬಂದಿತ್ತು. 1923ರಲ್ಲಿ ಹು ಶಿ ಅವರು ಈ ವಾನರನ ಮೂಲ ರಾಮಾಯಣದ ಹನುಮಂತನೇ ಇರಬೇಕೆಂದು ವಾದಿಸಿದರು. ಅದನ್ನು ಒಪ್ಪದ ಲೇಖಕ ಲು ಶುನ್ ಅವರು, ಚೀನಾದ ಹಳೆಯ ಕಥೆಗಳಲ್ಲಿಯೇ ಬರುವ, ಕೋತಿಯನ್ನು ಹೋಲುವ ಒಂದು ನದಿಯ ಭೂತದ ಕಡೆಗೆ ಬೊಟ್ಟು ಮಾಡಿದರು. ವಿದ್ವಾಂಸರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಬೌದ್ಧ ಭಿಕ್ಷುಗಳ ಜೊತೆಯಲ್ಲಿ ನಡೆದುಬಂದ ಭಾರತದ ಕಥೆಯೂ ಅಲ್ಲಿನ ನೆಲದ ಕಥೆಯೂ ಒಂದರೊಳಗೊಂದು ಬೆರೆತಿರಬಹುದು ಎಂಬುದೇ ನನಗೆ ಹೆಚ್ಚು ಒಪ್ಪಿಗೆಯಾಗುವ ಮಾತು.

ಆ ವಾನರನ ಹೆಸರು ಸುನ್ ವುಕಾಂಗ್. ಅವನು ‘ಪಶ್ಚಿಮ ಯಾತ್ರೆ’ ಎಂಬ 100 ಅಧ್ಯಾಯಗಳ ಕಾದಂಬರಿಯ ಪಾತ್ರ. ವು ಚೆಂಗ್‌ಎನ್ ಬರೆದದ್ದೆಂದು ವಾಡಿಕೆಯಾಗಿ ಹೇಳುವ ಈ ಕೃತಿ 1592ರಲ್ಲಿ ಅಚ್ಚಾಗಿತ್ತು. ನಿಮ್ಮ ಮಗನ ಆಟದಲ್ಲಿರುವ ಕೋಲಿಗೂ ಅಲ್ಲಿಯೇ ಕಥೆಯಿದೆ. ಸಮುದ್ರದ ನಾಗರಾಜನ ಅರಮನೆಯಿಂದ ವುಕಾಂಗ್ ಪಡೆದುಕೊಂಡ ಆ ಕಬ್ಬಿಣದ ಕಂಬದ ತೂಕ 13,500 ಜಿನ್ (ಒಂದು ಜಿನ್ ಎಂದರೆ ಸುಮಾರು ಅರ್ಧ ಕಿಲೋ). ‘ಚಿಕ್ಕದಾಗು’ ಎಂದರೆ ಅದು ಸೂಜಿಯಷ್ಟಾಗುತ್ತದೆ. ಅವನು ಅದನ್ನು ಕಿವಿಯೊಳಗೆ ಸಿಕ್ಕಿಸಿಕೊಂಡು ಓಡಾಡುತ್ತಾನೆ. 1984ರಲ್ಲಿ ಜಪಾನಿನಲ್ಲಿ ಶುರುವಾದ ‘ಡ್ರ್ಯಾಗನ್ ಬಾಲ್’ ಚಿತ್ರಕಥೆಯ ನಾಯಕ ಸೋನ್ ಗೋಕೂ ಎಂಬುದು ಇದೇ ಹೆಸರಿನ ಅಕ್ಷರಗಳನ್ನು ಜಪಾನೀಯರು ಓದುವ ರೀತಿ. ಅವನ ಉದ್ದವಾಗುವ ಕೋಲು ಮತ್ತು ಅವನು ಏರಿ ಹಾರುವ ಮೋಡ ಎರಡೂ ಈ ಕಾದಂಬರಿಯಿಂದಲೇ ಹೋದವು. 2024ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಆಟವನ್ನು ಜಗತ್ತಿನಾದ್ಯಂತ ಆಡಿದ ಹುಡುಗರಲ್ಲಿ ಅನೇಕರು ಆ ಬಳಿಕ ಮೂಲ ಕಾದಂಬರಿಯ ಅನುವಾದಗಳನ್ನು ಹುಡುಕಿಕೊಂಡು ಹೋದರು. ನಿಮ್ಮ ಮಗನಿಗೂ ಆ ಆಸೆ ಹುಟ್ಟಿದರೆ ದಯವಿಟ್ಟು ತಡೆಯಬೇಡಿ.

ಪ್ರಶ್ನೆ: ಹ್ಯೂಯೆನ್ ತ್ಸಾಂಗ್ ನಮ್ಮ ಪುಲಕೇಶಿಯನ್ನು ಹೊಗಳಿದ್ದಾನೆಂದು ಶಾಲೆಯಲ್ಲಿ ಓದಿದ್ದೇವೆ. ಚೀನೀ ಭಾಷೆಯಲ್ಲಿ ಬರೆದ ಮಾತು ನಮ್ಮ ಪಠ್ಯಪುಸ್ತಕಕ್ಕೆ ಬಂದದ್ದು ಹೇಗೆ? (ಬಾಗಲಕೋಟೆಯ ಓದುಗರು)

ಉತ್ತರ: ಮೇಲಿನ ಕಾದಂಬರಿಯಲ್ಲಿ ವಾನರನು ಕಾಪಾಡುತ್ತ ಕರೆದೊಯ್ಯುವ ಭಿಕ್ಷುವೇ ನೀವು ಕೇಳಿದ ಹ್ಯೂಯೆನ್ ತ್ಸಾಂಗ್. ನಿಜವಾಗಿ ಬದುಕಿದ್ದ ಆ ಭಿಕ್ಷುವಿಗೆ ಮಾಯಾವಿ ಶಿಷ್ಯರಿರಲಿಲ್ಲ. ಇದ್ದದ್ದು ಚೀನೀ ವಿದ್ವತ್ತಿನ ಶಿಸ್ತು. 645ರಲ್ಲಿ ಚೀನಾದ ಆಗಿನ ರಾಜಧಾನಿ ಚಾಂಗ್‌ಆನ್ ನಗರಕ್ಕೆ ಮರಳಿದಾಗ ಅವನು 657 ಗ್ರಂಥಗಳನ್ನು ಹೊತ್ತು ತಂದಿದ್ದ. ಮರುವರ್ಷ ಚಕ್ರವರ್ತಿಯ ಇಚ್ಛೆಯಂತೆ ಪ್ರವಾಸದ ವರದಿಯನ್ನು ಸಿದ್ಧಪಡಿಸಿದ. ಒಂದು ಊರಿನಿಂದ ಇನ್ನೊಂದು ಊರು ಯಾವ ದಿಕ್ಕಿನಲ್ಲಿ ಎಷ್ಟು ದೂರ, ಪಟ್ಟಣದ ಸುತ್ತಳತೆ ಎಷ್ಟು, ಮಣ್ಣು ಎಂಥದು, ಮಠಗಳೆಷ್ಟು, ಭಿಕ್ಷುಗಳೆಷ್ಟು ಎಂದು ಒಂದೇ ಕ್ರಮದಲ್ಲಿ ದಾಖಲಿಸುವ ರೂಢಿ ಚೀನಾದ ಭೂವಿವರಣೆಯ ಗ್ರಂಥಗಳಲ್ಲಿ ಮೊದಲೇ ಬೆಳೆದಿತ್ತು, ಅವನು ಅದನ್ನೇ ಅನುಸರಿಸಿದ. ಈ ಕ್ರಮವೇ ಹನ್ನೆರಡು ಶತಮಾನಗಳ ಅನಂತರ ನಮಗೆ ವರವಾಯಿತು. 1850ರ ದಶಕದಲ್ಲಿ ಸ್ಟಾನಿಸ್ಲಾಸ್ ಜೂಲಿಯನ್ ಅವರ ಫ್ರೆಂಚ್ ಅನುವಾದವೂ 1884ರಲ್ಲಿ ಸ್ಯಾಮ್ಯುಯೆಲ್ ಬೀಲ್ ಅವರ ಇಂಗ್ಲಿಷ್ ಅನುವಾದವೂ ಪ್ರಕಟವಾದವು. ಪುರಾತತ್ತ್ವಜ್ಞ ಅಲೆಕ್ಸಾಂಡರ್ ಕನಿಂಗ್‌ಹ್ಯಾಮ್ ಅವರು 1860ರ ದಶಕದಲ್ಲಿ ನಾಲಂದಾದಂಥ ನೆಲೆಗಳನ್ನು ಗುರುತಿಸಿದ್ದು, ಭಿಕ್ಷು ಹೇಳಿದ ದಿಕ್ಕು ಮತ್ತು ದೂರಗಳನ್ನು ನಕ್ಷೆಯ ಮೇಲೆ ಅಳೆದು ನೋಡಿ.

ಪುಲಕೇಶಿಯ ವಿಚಾರಕ್ಕೆ ಬರೋಣ. ಉತ್ತರದ ಹರ್ಷನು ಪೂರ್ವ ಪಶ್ಚಿಮಗಳನ್ನೆಲ್ಲ ಗೆದ್ದರೂ ಈ ರಾಜನ ಜನರನ್ನು ಮಾತ್ರ ಮಣಿಸಲಾಗಲಿಲ್ಲ ಎಂದು ಹ್ಯೂಯೆನ್ ತ್ಸಾಂಗ್ ಬರೆದಿದ್ದಾನೆ. ಸೋತು ಬಂದ ದಂಡನಾಯಕನನ್ನು ಇಲ್ಲಿ ದಂಡಿಸುವುದಿಲ್ಲ, ಹೆಣ್ಣಿನ ಉಡುಪನ್ನು ಕೊಡುತ್ತಾರೆ, ಆ ಅವಮಾನ ತಾಳದೆ ಅವನೇ ಪ್ರಾಣ ಬಿಡುವುದುಂಟು ಎಂದೂ ಹೇಳಿದ್ದಾನೆ. ನಿಮ್ಮ ಜಿಲ್ಲೆಯದೇ ಆದ ಐಹೊಳೆಯ ಮೇಗುತಿ ಬಸದಿಯಲ್ಲಿ 634ರಲ್ಲಿ ರವಿಕೀರ್ತಿ ಬರೆಸಿದ ಶಾಸನವೂ ಹರ್ಷನ ಸೋಲನ್ನು ಸಾರುತ್ತದೆ. ಆದರೆ ಅದು ಆಶ್ರಯ ಕೊಟ್ಟ ದೊರೆಯನ್ನು ಕೊಂಡಾಡಿದ ಕವಿಯ ಮಾತು. ಹ್ಯೂಯೆನ್ ತ್ಸಾಂಗ್ ಹಾಗಲ್ಲ, ಅವನನ್ನು ಆದರಿಸಿ ಸತ್ಕರಿಸಿದವನು ಹರ್ಷ! ಎದುರು ಪಕ್ಷದ ಅತಿಥಿಯೊಬ್ಬ ಬರೆದಿಟ್ಟದ್ದರಿಂದಲೇ ಈ ಸಾಕ್ಷ್ಯಕ್ಕೆ ಇತಿಹಾಸಕಾರರು ಅಷ್ಟು ಬೆಲೆ ಕೊಡುತ್ತಾರೆ. ಮುಂದಿನ ಸಲ ಮೇಗುತಿ ಗುಡ್ಡವನ್ನು ಹತ್ತಿದಾಗ ದಯವಿಟ್ಟು ಆ ಭಿಕ್ಷುವನ್ನೂ ನೆನೆಯಿರಿ.

ಪ್ರಶ್ನೆ: ನಮ್ಮ ಹಳಗನ್ನಡದಂತೆ ಹಳೆಯ ಚೀನೀ ಭಾಷೆಯೂ ಈಗ ಸಾಮಾನ್ಯರಿಗೆ ಅರ್ಥವಾಗುವುದಿಲ್ಲವಂತೆ. ಹಾಗಿದ್ದ ಮೇಲೆ ಅದರ ಪ್ರಭಾವ ಎಲ್ಲಿ ಉಳಿಯಿತು? (ಮೈಸೂರಿನ ಓದುಗರು)

ಉತ್ತರ: ಅದು ಉಳಿದಿರುವುದು ಜನರ ಬಾಯಲ್ಲಿ. ಒಂದೇ ಶಬ್ದವನ್ನು ತೆಗೆದುಕೊಂಡು ನೋಡೋಣ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಚಿಂತಕ ಹಾನ್ ಫೇ ಅವರ ಗ್ರಂಥದಲ್ಲಿ ಒಂದು ಕಥೆಯಿದೆ. ಸಂತೆಯಲ್ಲೊಬ್ಬ ಗುರಾಣಿಯನ್ನೂ ಈಟಿಯನ್ನೂ ಮಾರುತ್ತಿದ್ದ. ನನ್ನ ಗುರಾಣಿಯನ್ನು ಯಾವ ಆಯುಧವೂ ಸೀಳಲಾರದು ಎಂದು ಮೊದಲು ಕೂಗಿದ. ನನ್ನ ಈಟಿ ಸೀಳದ ವಸ್ತುವೇ ಇಲ್ಲ ಎಂದು ಆಮೇಲೆ ಕೂಗಿದ. ನಿನ್ನ ಈಟಿಯಿಂದ ನಿನ್ನ ಗುರಾಣಿಗೇ ತಿವಿದರೆ ಏನಾಗುತ್ತದೆ ಎಂದು ಒಬ್ಬ ಕೇಳಿದಾಗ ಮಾರುವವನಿಗೆ ಬಾಯಿ ಕಟ್ಟಿತು. ಈಟಿಗೆ ‘ಮಾವ್’, ಗುರಾಣಿಗೆ ‘ದುನ್’ ಎನ್ನುತ್ತಾರೆ. ‘ಮಾವ್‌ದುನ್’ ಎಂದರೆ ಇಂದಿನ ಚೀನೀ ಭಾಷೆಯಲ್ಲಿ ವಿರೋಧಾಭಾಸ, ವೈರುಧ್ಯ. 1937ರಲ್ಲಿ ಮಾವೋ ವೈರುಧ್ಯವನ್ನು ಕುರಿತು ಬರೆದ ಪ್ರಬಂಧದ ಶೀರ್ಷಿಕೆಯಲ್ಲಿರುವುದೂ ಇದೇ ಶಬ್ದ. ಜಪಾನಿನಲ್ಲಿ ಅದು ‘ಮುಜುನ್’ ಆಗಿದೆ, ಕೊರಿಯಾದಲ್ಲಿ ‘ಮೋಸುನ್’ ಆಗಿದೆ. ದಿನಕ್ಕೆ ಹತ್ತು ಸಲ ಇದನ್ನು ಬಳಸುವವರು ಹಾನ್ ಫೇ ಅವರ ಗ್ರಂಥವನ್ನು ತೆರೆದಿರಬೇಕೆಂದಿಲ್ಲ.

ಕಂಠಪಾಠದ ಬಲವೂ ದೊಡ್ಡದು. ಎಂಟನೆಯ ಶತಮಾನದ ಕವಿ ಲಿ ಬಾಯ್ ಅವರ ಒಂದು ಪದ್ಯದಲ್ಲಿ ಇರುವುದು ಬರೀ 20 ಅಕ್ಷರಗಳು: ಹಾಸಿಗೆಯ ಮುಂದೆ ಬಿದ್ದ ಬೆಳದಿಂಗಳನ್ನು ಹೆಪ್ಪುಗಟ್ಟಿದ ಇಬ್ಬನಿಯೆಂದು ತಿಳಿದವನು ತಲೆಯೆತ್ತಿ ಚಂದ್ರನನ್ನು ನೋಡುತ್ತಾನೆ, ತಲೆ ತಗ್ಗಿಸಿ ಊರನ್ನು ನೆನೆಯುತ್ತಾನೆ. ಶಾಲೆಗೆ ಸೇರುವ ಮೊದಲೇ ಅಲ್ಲಿನ ಮಕ್ಕಳು ಇದನ್ನು ಹೇಳಬಲ್ಲರು. ಬನವಾಸಿಯನ್ನು ನೆನೆಯುವ ಪಂಪನ ಪದ್ಯ ನಮಗೆ ಹೇಗೋ, ಊರು ಬಿಟ್ಟ ಚೀನೀಯರಿಗೆ ಇದು ಹಾಗೆ.

ಹಳೆಯ ಬರವಣಿಗೆಯನ್ನು ಬಿಟ್ಟು ಆಡುಮಾತಿನಲ್ಲಿ ಬರೆಯಬೇಕೆಂಬ ಚಳವಳಿ 1917ರಿಂದ ಬಿರುಸಾಯಿತು. 1918ರಲ್ಲಿ ಲು ಶುನ್ ಬರೆದ ‘ಹುಚ್ಚನ ದಿನಚರಿ’ ಕಥೆಯ ಮುನ್ನುಡಿ ಹಳೆಯ ಶೈಲಿಯಲ್ಲಿದೆ, ದಿನಚರಿ ಮಾತ್ರ ಆಡುಭಾಷೆಯಲ್ಲಿದೆ. ಹುಚ್ಚನು ಗುಣವಾಗಿ ಸರ್ಕಾರಿ ಕೆಲಸಕ್ಕೆ ಹೋದನೆಂದು ಗಂಭೀರವಾಗಿ ತಿಳಿಸುವುದು ಹಳೆಯ ಭಾಷೆ. ಸತ್ಯವನ್ನು ಕಂಡು ಚೀರುವುದು ಹೊಸ ಭಾಷೆ. ಹಳೆಯದನ್ನು ಚೆನ್ನಾಗಿ ಅರಗಿಸಿಕೊಂಡವರಷ್ಟೇ ಅದನ್ನು ಹೀಗೆ ಎದುರಿಸಬಲ್ಲರು ಎಂದು ನಾನು ನಂಬುತ್ತೇನೆ. ಲು ಶುನ್ ಅವರು ಚೀನಾದ ಪ್ರಾಚೀನ ಕಥನಸಾಹಿತ್ಯದ ಚರಿತ್ರೆಯನ್ನು ಬರೆದವರೂ ಹೌದು.

ಪ್ರಶ್ನೆ: ನಾವು ಬರೆಯುವ ಸ್ಪರ್ಧಾತ್ಮಕ ಪರೀಕ್ಷೆಗಳ ಮೂಲ ಚೀನಾ ಎಂಬುದು ನಿಜವೆ? (ಧಾರವಾಡದ ಅಭ್ಯರ್ಥಿಯೊಬ್ಬರು)

ಉತ್ತರ: ನೇರವಾದ ನಕಲು ಎನ್ನಲಾಗದು, ಸಂಬಂಧವೇ ಇಲ್ಲವೆಂದೂ ಹೇಳಲಾಗದು. ಏಳನೆಯ ಶತಮಾನದ ಆರಂಭದಲ್ಲಿ ಮೊದಲಾಗಿ 1905ರಲ್ಲಿ ರದ್ದಾದ ಚೀನೀ ಪರೀಕ್ಷೆಗಳಲ್ಲಿ ಕನ್ಫ್ಯೂಷಿಯಸ್ ಪರಂಪರೆಯ ಗ್ರಂಥಗಳ ಜ್ಞಾನವೇ ಅಧಿಕಾರಕ್ಕೆ ದಾರಿಯಾಗಿತ್ತು. ಪ್ರಾಂತೀಯ ಪರೀಕ್ಷೆ ಬರೆಯುವವರು ಇಟ್ಟಿಗೆಯ ಕಿರುಗೂಡುಗಳಲ್ಲಿ ಪ್ರತಿ ಸುತ್ತಿಗೂ ಮೂರು ಹಗಲು ಎರಡು ರಾತ್ರಿ ಕಳೆಯುತ್ತಿದ್ದರು. ಹಗಲಲ್ಲಿ ಮೇಜಾಗುತ್ತಿದ್ದ ಹಲಗೆ ರಾತ್ರಿ ಮಂಚದ ಭಾಗವಾಗುತ್ತಿತ್ತು. ಭಾರತದ ಆಡಳಿತ ಸೇವೆಗೆ ಮುಕ್ತ ಸ್ಪರ್ಧೆಯನ್ನು ತಂದ ಕಾಯ್ದೆ 1853ರದು, ಮೊದಲ ಪರೀಕ್ಷೆ ಲಂಡನ್ನಿನಲ್ಲಿ ನಡೆದದ್ದು 1855ರಲ್ಲಿ. ಆ ಕಾಲದ ಬ್ರಿಟಿಷ್ ಚರ್ಚೆಗಳಲ್ಲಿ ಪರವಾಗಿಯೂ ವಿರೋಧವಾಗಿಯೂ ಚೀನಾದ ಉದಾಹರಣೆಯನ್ನು ಎತ್ತಲಾಗಿತ್ತು.

ಪ್ರಶ್ನೆ: ಚೀನಾದ ಗಗನನೌಕೆಗಳಿಗೆ ಪುರಾಣದ ಹೆಸರುಗಳನ್ನೇ ಇಡುತ್ತಾರೆಯೆ? (ಹಾಸನದ ವಿದ್ಯಾರ್ಥಿನಿ)

ಉತ್ತರ: ಪುರಾಣದವೂ ಇವೆ, ಕಾವ್ಯದವೂ ತತ್ತ್ವಜ್ಞಾನಿಗಳವೂ ಇವೆ. ಕಗ್ಗತ್ತಲ ದ್ರವ್ಯದ (ಡಾರ್ಕ್ ಮ್ಯಾಟರ್) ಸುಳಿವನ್ನು ಅರಸಲು 2015ರಲ್ಲಿ ಹಾರಿದ ಉಪಗ್ರಹಕ್ಕೆ, ಮಾರುವೇಷದ ರಾಕ್ಷಸರನ್ನು ನೋಟದಿಂದಲೇ ಪತ್ತೆಹಚ್ಚುವ ವುಕಾಂಗ್‌ನ ಹೆಸರನ್ನು ಇಟ್ಟರು. 2016ರ ಕ್ವಾಂಟಮ್ ಉಪಗ್ರಹಕ್ಕೆ, ಸಣ್ಣ ರಂಧ್ರದ ಮೂಲಕ ಹಾಯುವ ಬೆಳಕು ತಲೆಕೆಳಗಾದ ಬಿಂಬವನ್ನು ಮೂಡಿಸುವುದನ್ನು ವಿವರಿಸಿದ ಗ್ರಂಥ ಯಾರ ಹೆಸರಿನಲ್ಲಿದೆಯೋ ಆ ಪ್ರಾಚೀನ ತತ್ತ್ವಜ್ಞಾನಿ ಮೋಝಿಯ ಹೆಸರು ಬಂತು. 2020ರಲ್ಲಿ ಮಂಗಳನತ್ತ ಹೊರಟ ನೌಕೆ ‘ತಿಯಾನ್‌ವೆನ್-1’. ತಿಯಾನ್‌ವೆನ್ ಎಂಬುದು ಚೂ ಯುವಾನ್ ಎಂಬ ಕವಿಗೆ ಸೇರಿದ್ದೆನ್ನುವ, ಎರಡು ಸಾವಿರ ವರ್ಷಕ್ಕೂ ಹಳೆಯದಾದ ಪದ್ಯದ ಹೆಸರು. ‘ಆಕಾಶಕ್ಕೆ ಪ್ರಶ್ನೆಗಳು’ ಎಂದು ಅರ್ಥ. ಆ ಪದ್ಯದ ತುಂಬ 170ಕ್ಕೂ ಹೆಚ್ಚು ಪ್ರಶ್ನೆಗಳಿವೆ, ಉತ್ತರ ಒಂದಕ್ಕೂ ಇಲ್ಲ. ಅವುಗಳಲ್ಲೊಂದು ಚಂದ್ರನನ್ನು ಕುರಿತದ್ದು. ಹಳೆಯ ವ್ಯಾಖ್ಯಾನಕಾರರು ಅರ್ಥೈಸಿದಂತೆ, ಹೊಟ್ಟೆಯೊಳಗೆ ಮೊಲವನ್ನು ಇಟ್ಟುಕೊಳ್ಳುವುದರಿಂದ ಚಂದ್ರನಿಗೇನು ಲಾಭ ಎಂದು ಕವಿ ಕೇಳುತ್ತಾನೆ. ಚಂದ್ರನನ್ನು ಶಶಾಂಕ ಎಂದು ಕರೆಯುವ ನಮಗೂ ಈ ಮೊಲ ಹೊಸದಲ್ಲ. 2019ರ ಜನವರಿಯಲ್ಲಿ ಚಂದ್ರನ ಆಚೆಬದಿಗೆ ಇಳಿದು ಓಡಾಡಿದ ಚೀನಾದ ಪುಟ್ಟ ಬಂಡಿಯ ಹೆಸರು ‘ಯೂತು-2’. ಯೂತು ಅಂದರೆ ಜೇಡ್ ಕಲ್ಲಿನ ಮೊಲ.